ಒಲೆಯಾರಿದ ಮನೆಯ ಆರೈಕೆ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವವರಿಗೆ ಕುಪ್ಪಳಿ ಹೊಸ ಹೆಸರಲ್ಲ. ಗುಡ್ಡದ ಮಡಿಲಲ್ಲಿ, ಕಾಡಿಗೆ ಬೆನ್ನುಕೊಟ್ಟು ನಿಂತ ಅಲ್ಲಿನ ದೊಡ್ಡ ತೊಟ್ಟಿಮನೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಕುವೆಂಪು ಅವರು ಹುಟ್ಟಿದ್ದು 1904ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಈ ಮನೆಯಲ್ಲಿ. 1980ರಲ್ಲಿ ಪ್ರಕಟವಾದ ಅವರ ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ ಇದರ ಜಗಲಿ, ಉಪ್ಪರಿಗೆಗಳು ಕಾಣುವ ಮೊದಲೇ ಪರಿಚಿತ. ಕವಿಯ ಹೆಸರಿನ ಪ್ರತಿಷ್ಠಾನ 1992ರಲ್ಲಿ ಸ್ಥಾಪನೆಯಾಗಿ, ಜೀರ್ಣವಾಗಿದ್ದ ಮನೆಯನ್ನು ಹಳೆಯ ರೂಪದಲ್ಲಿಯೇ ಎತ್ತಿ ನಿಲ್ಲಿಸಿತು. ಇಂದು ಅದು ‘ಕವಿಮನೆ’. ಯಾರು ಬೇಕಾದರೂ ಒಳಗೆ ಹೋಗಿ ನೋಡಿ ಬರಬಹುದು.

ಜೀರ್ಣೋದ್ಧಾರದ ಕಥೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅದರ ಮರುದಿನದಿಂದ ತೊಡಗುವ ಕೆಲಸದ ಮಾತು. ಅದಕ್ಕೆ ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ, ಮುಗಿಯುವ ದಿನವೂ ಇಲ್ಲ.

ಮಲೆನಾಡಿನ ಮನೆ ಮರದಿಂದ ಆದದ್ದು. ಮುಂಡಿಗೆ, ತೊಲೆ, ಪಕಾಸಿ, ರೀಪು, ಮೆಟ್ಟಿಲು, ಉಪ್ಪರಿಗೆಯ ನೆಲ, ಎಲ್ಲವೂ ಮರ. ಮರಕ್ಕೆ ನೀರು ಶತ್ರು. ಆದರೆ ಈ ಸೀಮೆಯಲ್ಲಿ ನೀರಿಗೆ ಕೊರತೆಯೇ? ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಮರದೊಳಗಿನ ತೇವ ಅದರ ಒಣತೂಕದ ನೂರಕ್ಕೆ ಇಪ್ಪತ್ತನ್ನು ದಾಟಿ ಹಾಗೆಯೇ ನಿಂತರೆ ಬೂಷ್ಟು ಬೇರೂರಿ ಕೊಳೆಯಿಸಲು ಅಣಿಯಾಗುತ್ತದೆ. ತೇವದ ಜಾಡು ಹಿಡಿದು ಗೆದ್ದಲು ಬರುತ್ತದೆ. ಒಂದು ಹೆಂಚು ಜಾರಿದ್ದನ್ನು ಜೂನಿನಲ್ಲಿ ಯಾರೂ ಗಮನಿಸದಿದ್ದರೆ, ಕಾರ್ತಿಕದ ಹೊತ್ತಿಗೆ ಅದರ ಕೆಳಗಿನ ರೀಪು ಹೋಗಿರುತ್ತದೆ. ಮರುವರ್ಷ ಪಕಾಸಿ, ಅದರಾಚೆಯ ವರ್ಷ ತೊಲೆ. ಹೆಂಚಿಗೆ ಕೊಡಬೇಕಾಗಿದ್ದ ಕೆಲವು ರೂಪಾಯಿಗಳು ತೊಲೆಯ ಬೆಲೆಯಾಗಿ ಬೆಳೆಯುತ್ತವೆ.

ಹಾಗಾದರೆ ನಮ್ಮ ಹಿರಿಯರ ಮನೆಗಳು ನೂರಾರು ವರ್ಷ ಹೇಗೆ ನಿಂತವು? ಮರದ ಜಾತಿ ಒಳ್ಳೆಯದಿತ್ತು, ನಿಜ. ಆದರೆ ಅದಕ್ಕಿಂತ ಮಿಗಿಲಾಗಿ, ಅಲ್ಲಿ ಜನ ಬದುಕುತ್ತಿದ್ದರು. ನಮ್ಮ ಅಜ್ಜನ ಮನೆಯಲ್ಲಿ ಬಚ್ಚಲೊಲೆ ಆರಿದ್ದನ್ನು ನಾನು ಕಂಡಿಲ್ಲ. ಆ ಹೊಗೆ ಅಟ್ಟಕ್ಕೇರಿ, ತೊಲೆಗಳಿಗೆಲ್ಲ ಇಲ್ಲಣ ಕಟ್ಟಿ, ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಹೆಂಗಸರಿಗೆ ಅದು ಕಣ್ಣುರಿಯ ಶಾಪವಾಗಿತ್ತು ಎಂಬುದನ್ನು ಮರೆಯಬಾರದು. ಮರಕ್ಕೆ ಮಾತ್ರ ಅದೇ ಔಷಧವಾಗಿತ್ತು. ಹುಳು ಹತ್ತಿರ ಸುಳಿಯುತ್ತಿರಲಿಲ್ಲ, ತೇವ ನಿಲ್ಲುತ್ತಿರಲಿಲ್ಲ. ಮಳೆಗೆ ಮುಂಚೆ ಹೆಂಚು ತೆಗೆದು ಗುಡಿಸಿ ಮತ್ತೆ ಹೊದಿಸುವುದು, ಜಗಲಿಯ ಅಂಚಿಗೆ ತಟ್ಟಿ ಕಟ್ಟುವುದು, ದಿನ ಬೆಳಗಾದರೆ ಗುಡಿಸಿ ಸಾರಿಸುವುದು. ಇವನ್ನು ಯಾರೂ ಸಂರಕ್ಷಣೆ ಎಂದು ಕರೆಯುತ್ತಿರಲಿಲ್ಲ. ಮನೆವಾರ್ತೆ ಎನ್ನುತ್ತಿದ್ದರು, ಅಷ್ಟೆ.

ವಸ್ತುಸಂಗ್ರಹಾಲಯದ ಒಲೆ ಉರಿಯುವುದಿಲ್ಲ. ಕಷ್ಟವಿರುವುದು ಇಲ್ಲಿ. ಮನೆಯನ್ನು ಸಾರ್ವಜನಿಕರಿಗೆ ತೆರೆದೆವೆಂದರೆ, ಅದನ್ನು ಅರಿವಿಲ್ಲದೆಯೇ ಕಾಯುತ್ತಿದ್ದ ಹೊಗೆ, ಗಾಳಿ, ಕೈ, ಕಣ್ಣುಗಳನ್ನೆಲ್ಲ ಹೊರಗೆ ಕಳುಹಿಸಿದೆವೆಂದೇ ಅರ್ಥ. ಅವುಗಳ ಬದಲಿಗೆ ಸಂಬಳದ ಮನುಷ್ಯರನ್ನೂ ಒಂದು ದಿನಚರಿಯನ್ನೂ ತರಬೇಕು: ಕಿಟಕಿ ತೆರೆಯುವ ಹೊತ್ತು, ಅಟ್ಟ ಹತ್ತಿ ನೋಡುವ ದಿನ, ಗೋಡೆಯ ಬುಡದಿಂದ ನೀರು ಹರಿದುಹೋಗುವ ಚರಂಡಿಯ ಪರೀಕ್ಷೆ. ನಾಯಿಯ ಮಾತನ್ನೂ ಇಲ್ಲಿ ಸೇರಿಸಬಹುದು. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದರು. ಆ ಸುದ್ದಿ ಓದಿದಾಗ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿಯ ಹುಲಿಯ ನನಗೆ ನೆನಪಾದ. ಜನ ಮಲಗಿ ನಾಯಿ ಎಚ್ಚರವಿದ್ದ ಮನೆಗೂ, ಸಂಜೆ ಬೀಗ ಬೀಳುವ ಮನೆಗೂ ಎಷ್ಟು ಅಂತರ!

ಸಂರಕ್ಷಣೆಯ ವಿದ್ವಾಂಸರು ಈ ಮಾತನ್ನು ಹೇಳುತ್ತಲೇ ಬಂದಿದ್ದಾರೆ. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದಾಗ ಹಿಡಿದ ವಾದ ಇದೇ: ಹಾಳಾಗಲು ಬಿಟ್ಟು ಆಮೇಲೆ ಹೊಸದು ಮಾಡುವುದಕ್ಕಿಂತ ನಿತ್ಯದ ಆರೈಕೆ ಲೇಸು. 1964ರ ವೆನಿಸ್ ಸನ್ನದು ಕೂಡ ನಿರಂತರ ನಿರ್ವಹಣೆಯನ್ನು ಅತ್ಯವಶ್ಯವೆಂದಿತು. ನಮ್ಮಲ್ಲಿಯಾದರೋ ಹಣ ಹುಟ್ಟುವುದು ಕಟ್ಟುವ ಕೆಲಸಕ್ಕೆ. ನೂತನ ಭವನಕ್ಕೆ ಅನುದಾನ ಬೇಡುವುದು ಸುಲಭ. ಹೆಂಚು ಗುಡಿಸುವವನ ಕೂಲಿಗೆ ಬೇಡುವುದು ಕಷ್ಟ. ಇಂಥ ಮನೆಗಳಿಗೆ ದಾನ ಕೊಡುವವರು ಮೊತ್ತವನ್ನು ಮುಟ್ಟದೆ, ಬಡ್ಡಿಯಿಂದ ವರ್ಷವರ್ಷದ ರಿಪೇರಿ ನಡೆಯುವಂತೆ ಮೂಲನಿಧಿಯಾಗಿ ಕೊಡಬೇಕೆಂದು ನನ್ನ ಅಭಿಪ್ರಾಯ.

ನೋಡಲು ಬರುವವರ ವಿಷಯ ಇನ್ನೂ ನಾಜೂಕು. ಜನ ಬಾರದಿದ್ದರೆ ಮನೆಯನ್ನು ತೆರೆದಿಡುವುದೇಕೆ? ಆದರೆ ಸಂಸಾರವೊಂದರ ನಡಿಗೆಗೆಂದು ಜೋಡಿಸಿದ ಹಲಗೆಯ ನೆಲ ಶಾಲಾ ಪ್ರವಾಸದ ನಾಲ್ಕು ಬಸ್ಸುಗಳಿಗೆಂದು ಮಾಡಿದ್ದಲ್ಲ. ಒಮ್ಮೆಗೆ ಇಂತಿಷ್ಟೇ ಮಂದಿ ಮೇಲೇರಬೇಕು ಎಂಬ ನಿಯಮ ಇಂಥ ಯಾವ ಮನೆಗೂ ಬೇಕು. ಕೆಳಗೆ ಜಗಲಿಯಲ್ಲಿ ಕಾಯುವುದು ಮಲೆನಾಡಿನ ಅತಿಥಿಗೆ ಅವಮಾನವೇನೂ ಅಲ್ಲ. ದಪ್ಪನೆಯ ಬಣ್ಣ ಬಳಿದು, ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿ ‘ಭದ್ರ’ ಮಾಡುವ ಉತ್ಸಾಹವನ್ನೂ ಹಿಡಿದು ನಿಲ್ಲಿಸಬೇಕು. ಸುಣ್ಣದ ಗಾರೆ ಉಸಿರಾಡುತ್ತದೆ. ಸಿಮೆಂಟು ಗೋಡೆಯೊಳಗಿನ ತೇವವನ್ನು ಸೆರೆಹಿಡಿದು ಮರಕ್ಕೆ ದಾಟಿಸುತ್ತದೆ.

ಎಷ್ಟು ಆರೈಕೆ ಮಾಡಿದರೂ ಒಂದು ದಿನ ಮರವನ್ನು ಬದಲಿಸಬೇಕಾಗುತ್ತದೆ. ಆಗ ಮರ ಎಲ್ಲಿಂದ ತರುವುದು, ಉಳಿ ಹಿಡಿಯುವವನು ಯಾರು? ಜಪಾನಿನ ಇಸೆ ದೇವಾಲಯವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುವ ವಾಡಿಕೆಯಿದೆ. ಕಳೆದ ಸಲ ಕಟ್ಟಿದ್ದು 2013ರಲ್ಲಿ. ಅದಕ್ಕೆ ಬೇಕಾದ ಮರವನ್ನು ಮುಂದಿನ ತಲೆಮಾರುಗಳಿಗೆಂದು ಅವರು ತಮ್ಮ ಕಾಡಿನಲ್ಲಿ ಬೆಳೆಸುತ್ತಾರೆ. ತಂದೆಯ ಕೈಕೆಳಗೆ ಕಲಿತ ಬಡಗಿ ಮುಂದಿನ ಸಲ ತಾನೇ ಮುಂದಾಳಾಗುತ್ತಾನೆ. ನಮ್ಮದು ಹಾಗೆ ಕಳಚಿ ಕಟ್ಟುವ ಸಂಪ್ರದಾಯವಲ್ಲ. ಆದರೂ ಆ ಲೆಕ್ಕಾಚಾರ ನಮಗೂ ಬೇಕು. ಹಳೆಯ ಮುಂಡಿಗೆಯ ಕೊರೆತವನ್ನು ಅಳೆದು ಬರೆದಿಟ್ಟುಕೊಳ್ಳುವವರು, ಊರಿನ ಬಡಗಿಗೆ ಒಬ್ಬ ಶಿಷ್ಯನನ್ನು ಜೊತೆಮಾಡಿ ಇಬ್ಬರಿಗೂ ಕೂಲಿ ಕೊಡುವವರು ಬೇಕು. ತೇಗ, ಹಲಸು, ಹೊನ್ನೆಯ ಸಸಿಗಳನ್ನು ಇದೇ ಮನೆಯ ಮುಂದಿನ ತೊಲೆಗಳೆಂದು ಗುರುತಿಟ್ಟು ನೆಡುವವರೂ ಬೇಕು. ಇಂದು ನೆಟ್ಟ ಹೊನ್ನೆ ತೊಲೆಯಾಗುವಷ್ಟು ಬಲಿಯಲು ಇನ್ನು ಹಲವು ದಶಕಗಳು.

ಕುಪ್ಪಳಿಯನ್ನು ನೋಡದವರು ಬೇಸಗೆಯ ರಜೆಗಾಗಿ ಕಾಯದೆ ಆಷಾಢದಲ್ಲಿ ಒಮ್ಮೆ ಹೋಗಿ ಬನ್ನಿ. ತೊಟ್ಟಿಗೆ ನಾಲ್ಕೂ ಕಡೆಯಿಂದ ಮಳೆನೀರು ಸುರಿಯುವುದನ್ನು ನೋಡಿ. ಆಮೇಲೆ ತಲೆಯೆತ್ತಿ, ಹೆಂಚಿನ ಕೆಳಗಿನ ಪಕಾಸಿಗಳನ್ನೂ ಒಂದೊಂದಾಗಿ ನೋಡಿ.