ಪರದೇಶದ ಉದ್ಯೋಗವೂ ನಮ್ಮ ಯುವಜನರೂ

(ಶತಮಾನೋತ್ಸವದ ಅಂಗವಾಗಿ ಸೇರಿದ್ದ ಯುವಜನರ ಹಾಗೂ ಪೋಷಕರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನಮ್ಮ ಪೂರ್ವಿಕರ ವಿಶ್ವಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದರು. ಆ ವಿಷಯವನ್ನು ನಮಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಇಲ್ಲಿಯೇ ಕುಳಿತಿದ್ದಾರೆ. ನಾವು ಮಾತ್ರ, ಸಮಿತಿಯವರ ಕ್ಷಮೆ ಕೋರಿ, ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ತರುಣರು ಗುಂಪುಗೂಡಿ ಪಿಸುಮಾತಿನಲ್ಲಿ ಚರ್ಚಿಸುವ ವಿಷಯವನ್ನೇ ಎತ್ತಿಕೊಳ್ಳಬಯಸುತ್ತೇವೆ. ಅದು ವೀಸಾದ ವಿಷಯ.

ಊರು ಬಿಟ್ಟು ದುಡಿಯಲು ಹೋಗುವುದು ನಮ್ಮವರಿಗೆ ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆದಂದಿನಿಂದ ಈ ಭಾಗಕ್ಕೆ ಜನ ಬರುವುದೂ ಇಲ್ಲಿಂದ ಜನ ಹೋಗುವುದೂ ನಡೆದೇ ಇದೆ. ನಮ್ಮ ಹಳೆಯ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದರೆ, ತಂದೆಯ ಹುಟ್ಟೂರು ಈ ತಾಲೂಕಿನದಾಗಿರುವ ಹೆಸರುಗಳು ಮೊದಲ ಪುಟಗಳಲ್ಲಿ ವಿರಳ. ರೈಲ್ವೆಗೆ ಬಂದವರು, ಕಲ್ಲುಗಣಿಗೆ ಬಂದವರು, ಶಹಾಬಾದಿನ ಸಿಮೆಂಟ್ ಕಾರ್ಖಾನೆಗೆ ಬಂದವರು, 1968ರಲ್ಲಿ ವಾಡಿಯ ಕಾರ್ಖಾನೆ ಆರಂಭವಾದ ಮೇಲೆ ಅಲ್ಲಿಗೆ ಬಂದವರು: ಇವರೆಲ್ಲ ಸೇರಿಯೇ ಈ ಧರ್ಮಕೇಂದ್ರವಾಯಿತು. ವಲಸೆಯಿಂದ ಹುಟ್ಟಿದ ಸಭೆ ವಲಸೆ ಹೋಗುವವರನ್ನು ಗದರಿಸುವುದು ಶೋಭೆಯಲ್ಲ.

ಗದರಿಸುವುದಕ್ಕೆ ಕಾರಣವೂ ಇಲ್ಲ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆಯ ಒಲೆ ಆರಿಹೋಗಿದೆ. ಸೇಡಂ, ಮಳಖೇಡ, ವಾಡಿಗಳಲ್ಲಿ ದೊಡ್ಡ ಕಾರ್ಖಾನೆಗಳಿವೆ ನಿಜ. ಆದರೆ ನಮ್ಮ ಹುಡುಗರಿಗೆ ಅಲ್ಲಿ ದೊರಕುವುದು ಬಹುಮಟ್ಟಿಗೆ ಗುತ್ತಿಗೆದಾರರ ಕೈಕೆಳಗಿನ ಕೆಲಸ. ತೊಗರಿ ಮಳೆಯನ್ನು ನಂಬಿದ ಬೆಳೆ. ಚಿಂಚೋಳಿಯ ತಾಂಡಾಗಳಿಂದ ವರ್ಷವರ್ಷವೂ ಮುಂಬಯಿಗೆ, ಪುಣೆಗೆ, ಹೈದರಾಬಾದಿಗೆ ಗುಳೆ ಹೋಗುವವರನ್ನು ನಾವೆಲ್ಲ ಕಂಡಿದ್ದೇವೆ. ಹೀಗಿರುವಾಗ ಐ.ಟಿ.ಐ. ಮುಗಿಸಿದ ಫಿಟ್ಟರನೊಬ್ಬ ದುಬೈಯತ್ತ ಮುಖ ಮಾಡಿದರೆ ಅದನ್ನು ದುರಾಸೆಯೆನ್ನಲಾಗದು. ಜಗದ್ಗುರು ಹನ್ನೆರಡನೆಯ ಪಿಯುಸರು 1952ರಲ್ಲಿ ಹೊರಡಿಸಿದ ಪತ್ರದಲ್ಲಿ, ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗರ ಮಾದರಿಯಾಗಿ ತೋರಿಸಿದ್ದಾರೆ. ಸಂತ ಜೋಸೆಫರಿಗೆ ಆಗ ದೇವದೂತನ ಮಾತೊಂದೇ ಸಾಕಾಗಿತ್ತು. ಈಗ ದೇವದೂತರಂತೆ ಬಿಳಿಯ ಅಂಗಿ ತೊಟ್ಟು ಬರುವ ಏಜೆಂಟರ ಮಾತನ್ನೂ ನಾವು ಅಷ್ಟೇ ಸುಲಭವಾಗಿ ನಂಬಿಬಿಡುತ್ತೇವೆ, ತೊಂದರೆ ಅಲ್ಲಿಂದಲೇ ಆರಂಭ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. 2017ರಲ್ಲಿ ಒಂದು ಸಂಜೆ ನಮ್ಮ ಸಭೆಯ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಗುರುನಿವಾಸಕ್ಕೆ ಬಂದರು. "ನಮ್ಮ ಹುಡುಗ ದುಬೈಗ ಹೊಂಟಾನ್ರಿ ಫಾದರ್, ತಲಿ ಮ್ಯಾಲ ಕೈ ಇಡ್ರಿ" ಎಂದರು. ಎರಡು ಎಕರೆ ಹೊಲವನ್ನು ಒತ್ತೆಯಿಟ್ಟು, ಕೊರಳಿನದನ್ನು ಮಾರಿ, ಒಂದೂವರೆ ಲಕ್ಷ ರೂಪಾಯಿಗಳನ್ನು ಏಜೆಂಟನಿಗೆ ಕೊಟ್ಟಿದ್ದರು. ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ವೀಸಾದ ಕಾಗದವಿತ್ತು. ಅದನ್ನು ಮೇಜಿನ ಮೇಲೆ, ನಮ್ಮ ಮುಂದೆಯೇ ಇಟ್ಟರು. ನಾವು ಪ್ರಾರ್ಥಿಸಿದೆವು, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು, ಒಂದು ಜಪಮಾಲೆಯನ್ನೂ ಕೊಟ್ಟೆವು. ಕಾಗದವನ್ನು ಮಾತ್ರ ಓದಲಿಲ್ಲ.

ಅದು ಸಂದರ್ಶಕರ ವೀಸಾ ಆಗಿತ್ತು. ಅಂದರೆ ಆ ದೇಶವನ್ನು ನೋಡಿ ಮರಳುವುದಕ್ಕೆ ಕೊಡುವ ಅನುಮತಿ, ದುಡಿಯುವುದಕ್ಕಲ್ಲ. ಅಲ್ಲಿ ತಲುಪಿದ ಮೇಲೆ ಕಂಪೆನಿಯವರೇ ಅದನ್ನು ಬದಲಿಸಿಕೊಡುತ್ತಾರೆ ಎಂದು ಏಜೆಂಟನು ಹೇಳಿದ್ದನಂತೆ. ಕಂಪೆನಿಯೇ ಇರಲಿಲ್ಲ. ಅವಧಿ ಮುಗಿಯಿತು; ದಿನದಿಂದ ದಿನಕ್ಕೆ ದಂಡ ಬೆಳೆಯಿತು; ಕೆಲಸ ಕೊಟ್ಟವರು ಕೂಲಿ ಕೊಡದಿದ್ದರೂ ದೂರು ಹೇಳುವಂತಿರಲಿಲ್ಲ, ಏಕೆಂದರೆ ಕೆಲಸ ಮಾಡಿದ್ದೇ ಅಪರಾಧ. 2018ರಲ್ಲಿ ಆ ದೇಶದ ಸರ್ಕಾರವು ಅವಧಿ ಮೀರಿ ಉಳಿದವರಿಗೆ ಕ್ಷಮಾದಾನ ಘೋಷಿಸಿದಾಗ ಅವನು ಹಿಂತಿರುಗಿದ. ಜಪಮಾಲೆ ಅವನ ಬಳಿ ಇತ್ತು. ಅದನ್ನು ನಮಗೆ ತೋರಿಸಿದಾಗ ನಮಗೆ ಆದ ಸಂಕಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಅಂದಿನಿಂದ ನಾವು ಈ ಕಾಗದಗಳನ್ನು ಓದಲು ಕಲಿತೆವು. ಸೆಮಿನರಿಯಲ್ಲಿ ಲ್ಯಾಟಿನ್ ಓದುವುದನ್ನು ಕಲಿಸಿದ್ದರು. ಇದು ಅದಕ್ಕಿಂತ ಕಷ್ಟವೇನೂ ಅಲ್ಲ. ಕಲಿತದ್ದನ್ನು ತಮ್ಮ ಮುಂದಿಡುತ್ತೇವೆ.

ಮೊದಲನೆಯದಾಗಿ, ವೀಸಾದಲ್ಲಿ ಯಾವ ಕೆಲಸ, ಯಾರ ಬಳಿ ಕೆಲಸ ಎಂದು ಬರೆದಿದೆಯೋ ಅದೇ ತಮ್ಮ ಬದುಕು. ಏಜೆಂಟನ ಬಾಯಿಮಾತು ವಿಮಾನ ಹತ್ತುವುದಿಲ್ಲ. ನಮ್ಮ ಕಡೆ, ಅದರಲ್ಲೂ ಹೈದರಾಬಾದಿನ ದಾರಿಯಲ್ಲಿ, 'ಆಜಾದ್ ವೀಸಾ' ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಹೋಗಿ ಇಷ್ಟ ಬಂದಲ್ಲಿ ದುಡಿಯಬಹುದು ಎಂದು ಅದರ ಅರ್ಥವಂತೆ. ಅಂತಹ ವೀಸಾ ಯಾವ ಕೊಲ್ಲಿ ರಾಷ್ಟ್ರದ ಕಾನೂನಿನಲ್ಲಿಯೂ ಇಲ್ಲ. ಅಲ್ಲಿನವನೊಬ್ಬ ತನ್ನ ಹೆಸರಿನಲ್ಲಿ ವೀಸಾ ತೆಗೆದು ಮಾರುತ್ತಾನೆ. ಕೊಂಡವನು ಬೇರೆಲ್ಲೋ ದುಡಿಯುತ್ತಾನೆ. ಸಿಕ್ಕಿಬಿದ್ದ ದಿನ ಮಾರಿದವನು ಪರಿಚಯವೇ ಇಲ್ಲವೆನ್ನುತ್ತಾನೆ. ಕುವೈತಿನಲ್ಲಿ 18ನೆಯ ಸಂಖ್ಯೆಯ ವೀಸಾ ಖಾಸಗಿ ಕಂಪೆನಿಗಳ ಕೆಲಸಕ್ಕೆ, 20ನೆಯದು ಮನೆಗೆಲಸಕ್ಕೆ. 20ರಲ್ಲಿ ಹೋದವನು ಅಂಗಡಿಯಲ್ಲಿ ನಿಂತರೆ ಕಾನೂನುಬಾಹಿರ. ಅಂಕಿ ಎರಡೇ, ಆದರೆ ಅದರ ಮೇಲೆ ಒಂದು ಸಂಸಾರ ನಿಂತಿರುತ್ತದೆ.

ಎರಡನೆಯದು ಪಾಸ್‌ಪೋರ್ಟಿನ ವಿಷಯ. 1983ರ ವಲಸೆ ಕಾಯ್ದೆಯ ಪ್ರಕಾರ, ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ 'ಇ.ಸಿ.ಆರ್.' ವರ್ಗಕ್ಕೆ ಸೇರುತ್ತದೆ. ಸೌದಿ ಅರೇಬಿಯ, ಕುವೈತ್, ಕತಾರ್, ಒಮಾನ್, ಬಹ್ರೇನ್, ಅರಬ್ ಸಂಯುಕ್ತ ಸಂಸ್ಥಾನ, ಮಲೇಷಿಯ ಮೊದಲಾದ 18 ದೇಶಗಳಿಗೆ ಅವರು ದುಡಿಯಲು ಹೋಗಬೇಕಾದರೆ ವಲಸಿಗರ ಸಂರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಸಂಬಳ, ಕೆಲಸದ ಗಂಟೆಗಳು, ಊಟ ವಸತಿ, ಚಿಕಿತ್ಸೆ, ಕೊನೆಗೆ ಅಲ್ಲಿಯೇ ಸತ್ತರೆ ಶವವನ್ನು ಊರಿಗೆ ತಲುಪಿಸುವ ಹೊಣೆ, ಇವೆಲ್ಲ ಕರಾರುಪತ್ರದಲ್ಲಿರಬೇಕು. ಅನೇಕ ತರುಣರು ಈ ವರ್ಗವನ್ನು ಅವಮಾನವೆಂದು ತಿಳಿಯುತ್ತಾರೆ, ಅದನ್ನು ತಪ್ಪಿಸಿಕೊಳ್ಳಲೆಂದೇ ಸಂದರ್ಶಕರ ವೀಸಾಕ್ಕೆ ಒಪ್ಪುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ಕಳಂಕವಲ್ಲ, ರಕ್ಷೆ. ತಮ್ಮ ಪರವಾಗಿ ಸರ್ಕಾರದ ಒಬ್ಬ ಅಧಿಕಾರಿ ಕಾಗದ ಓದುತ್ತಾನೆ ಎಂಬುದೇ ಅದರ ತಾತ್ಪರ್ಯ. (ಈ ಕಾಯ್ದೆಯ ಬದಲಿಗೆ ಹೊಸದೊಂದರ ಕರಡನ್ನು 2025ರಲ್ಲಿ ಸರ್ಕಾರ ಪ್ರಕಟಿಸಿದೆ, ಹೊರಡುವವರು ಹೊರಡುವ ದಿನದ ನಿಯಮವನ್ನು ವಿಚಾರಿಸಿಕೊಳ್ಳಬೇಕು.)

ಹತ್ತನೆಯದು ಪಾಸಾದವರು ತಮಗೆ ಭಯವಿಲ್ಲವೆಂದು ತಿಳಿಯಬಾರದು. 2024ರ ಫೆಬ್ರುವರಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಮೂವರು ಮತ್ತು ನೆರೆಯ ನಾರಾಯಣಪೇಟೆಯ ಒಬ್ಬ ಯುವಕನ ಮೊರೆಯನ್ನು ತಾವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಮೊದಲು ದುಬೈಯಲ್ಲಿ ದುಡಿಯುತ್ತಿದ್ದವರು ಅವರು. ರಷ್ಯಾದಲ್ಲಿ ಕಾವಲುಗಾರನ, ಸಹಾಯಕನ ಕೆಲಸವೆಂದು ನಂಬಿಸಿ ಕರೆದೊಯ್ದು, ಉಕ್ರೇನಿನ ರಣರಂಗದಲ್ಲಿ ನಿಲ್ಲಿಸಿದರು. ಅದೇ ಯುದ್ಧದಲ್ಲಿ ಗುಜರಾತಿನ ತರುಣನೊಬ್ಬ ಸತ್ತ. ನಮ್ಮ ಜಿಲ್ಲೆಯವರು ದೈವಕೃಪೆಯಿಂದ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ರಷ್ಯಾ ಆ 18 ದೇಶಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಅಲ್ಲಿಗೆ ಹೊರಟವರ ಕರಾರುಪತ್ರವನ್ನು ಸಂರಕ್ಷಣಾಧಿಕಾರಿ ಓದುವ ಪ್ರಶ್ನೆಯೇ ಇರಲಿಲ್ಲ.

ಇನ್ನು ಏಜೆಂಟರು. ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವನು ಭಾರತ ಸರ್ಕಾರದಲ್ಲಿ ನೋಂದಣಿ ಹೊಂದಿರಲೇಬೇಕು. ಸರ್ಕಾರದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಅವನ ಹೆಸರು, ನೋಂದಣಿ ಸಂಖ್ಯೆ, ಅದು ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದನ್ನು ಯಾರು ಬೇಕಾದರೂ ಮೊಬೈಲಿನಲ್ಲಿಯೇ ನೋಡಬಹುದು. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ 18% ತೆರಿಗೆ, ಒಟ್ಟು 35,400. ಅದಕ್ಕೂ ರಸೀತಿ ಕೊಡಬೇಕು. ನಮ್ಮ ಆ ತಾಯಿ ಕೊಟ್ಟದ್ದು ಒಂದೂವರೆ ಲಕ್ಷ, ಕೈಗೆ ಬಂದ ರಸೀತಿ ಒಂದೂ ಇಲ್ಲ. ಚಹಾದಂಗಡಿಯಲ್ಲಿ ಕುಳಿತು 'ನಾನು ದೊಡ್ಡ ಏಜೆಂಟರ ಕಡೆಯವನು' ಎನ್ನುವ ಉಪ ಏಜೆಂಟನಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಅವನು ನಮ್ಮ ಸಂಬಂಧಿಕನೇ ಆಗಿದ್ದರೂ ಇಲ್ಲ; ದುಃಖದ ಸಂಗತಿಯೆಂದರೆ ಅನೇಕ ಸಲ ಅವನು ಸಂಬಂಧಿಕನೇ ಆಗಿರುತ್ತಾನೆ.

ವಿಮೆಯನ್ನು ಕುರಿತು ಒಂದು ಮಾತು. 2024ರ ಜೂನ್ 12ರ ಬೆಳಗಿನ ಜಾವ ಕುವೈತಿನ ಮಂಗಾಫಿನಲ್ಲಿ ಕೆಲಸಗಾರರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಿತು. 45 ಭಾರತೀಯರ ಶವಗಳನ್ನು ವಾಯುಪಡೆಯ ವಿಮಾನ ಹೊತ್ತು ತಂದಿತು. ಅವರಲ್ಲಿ ನಮ್ಮ ಜಿಲ್ಲೆಯ ಆಳಂದ ತಾಲೂಕಿನ ಒಬ್ಬ ಚಾಲಕನೂ ಇದ್ದ. ಇ.ಸಿ.ಆರ್. ವರ್ಗದಲ್ಲಿ ಒಪ್ಪಿಗೆ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375; ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ. ಬೀಳ್ಕೊಡುಗೆಯ ಊಟಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವವರು ಈ 275 ರೂಪಾಯಿಯ ಪಾಲಿಸಿಯ ಪ್ರತಿಯನ್ನು ಮನೆಯಲ್ಲಿಟ್ಟು ಹೋಗುವುದನ್ನು ಮರೆಯುತ್ತಾರೆ.

ಸಹೋದರಿಯರಿಗೆ: ಇ.ಸಿ.ಆರ್. ಪಾಸ್‌ಪೋರ್ಟಿನಲ್ಲಿ ಆ ದೇಶಗಳಿಗೆ ಮನೆಗೆಲಸಕ್ಕೆ ಹೋಗಲು ಕನಿಷ್ಠ 30 ವರ್ಷ ವಯಸ್ಸಾಗಿರಬೇಕು. ಇಪ್ಪತ್ತೆರಡರ ಹುಡುಗಿಗೆ ಮೂವತ್ತೆಂದು ಬರೆಸಿಕೊಡುತ್ತೇವೆ ಎನ್ನುವವನು ಮುಂದೆ ಏನು ಮಾಡಬಹುದೆಂದು ತಾವೇ ಯೋಚಿಸಬಹುದು. ಅಂತಹ ಕಾರ್ಯಕ್ಕಾಗಿ ಜ್ಞಾನಸ್ನಾನದ ಪ್ರಮಾಣಪತ್ರದಲ್ಲಿ ಜನ್ಮದಿನ ತಿದ್ದಿಕೊಡಬೇಕೆಂದು ನಮ್ಮ ಬಳಿಗೂ ಬಂದವರಿದ್ದಾರೆ. ಅವರನ್ನು ಬರಿಗೈಯಲ್ಲಿ ಕಳುಹಿಸಿದ್ದೇವೆ. ದಾದಿಯರ ವಿಷಯದಲ್ಲಿ ಈ 18 ದೇಶಗಳ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂಬ ನಿಯಮ 2015ರಿಂದ ಇದೆ. ಲಕ್ಷಗಟ್ಟಲೆ ಕೇಳುವ ಖಾಸಗಿಯವರ ಬಳಿಗೆ ಹೋಗುವ ಅಗತ್ಯವೇ ಇಲ್ಲ.

ಹಾಗಾದರೆ ಕೆಲಸಗಳೇ ಇಲ್ಲವೇ? ಖಂಡಿತ ಇವೆ. ಸಿಮೆಂಟ್ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ನಮ್ಮ ಹುಡುಗರಿಗೆ ಬೆಸುಗೆ, ಫಿಟ್ಟರ್, ವಿದ್ಯುತ್ ಕೆಲಸಗಳು ಕೈವಶವಾಗಿವೆ. ಹೊರದೇಶಗಳಲ್ಲಿ ಬೇಡಿಕೆಯಿರುವುದೂ ಇವುಗಳಿಗೇ. ಆದರೆ ಕೈ ಬಲ್ಲದ್ದನ್ನು ಕಾಗದವೂ ಹೇಳಬೇಕು. ಸೌದಿ ಅರೇಬಿಯವು ಕೊಳಾಯಿ, ವಿದ್ಯುತ್, ಬೆಸುಗೆ ಮೊದಲಾದ ಕಸುಬುಗಳವರನ್ನು ಇಲ್ಲಿಯೇ ಪರೀಕ್ಷೆ ಮಾಡಿ, ಪಾಸಾದವರಿಗೆ ಮಾತ್ರ ಆ ಕಸುಬಿನ ವೀಸಾ ಕೊಡುವ ಪದ್ಧತಿಯನ್ನು ತಂದಿದೆ. ಹತ್ತು ವರ್ಷ ಬೆಸುಗೆ ಮಾಡಿಯೂ ಒಂದು ಪ್ರಮಾಣಪತ್ರವಿಲ್ಲದವನು ಅಲ್ಲಿ ಸಾಮಾನ್ಯ ಕೂಲಿಯೇ. ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯ ಉಳಿಸಿಕೊಂಡವರು ಅದನ್ನು ಕಟ್ಟಿ ಪಾಸಾಗಲಿ; ಸಂಜೆ ಪಾಠ ಹೇಳಲು ನಮ್ಮ ಸಹೋದರಿಯರು ಸಿದ್ಧರಿದ್ದಾರೆ. ಕರ್ನಾಟಕ ಸರ್ಕಾರದ್ದೇ ಆದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ ಎಂಬುದು ನಮ್ಮ ತಾಲೂಕುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ನಮಗೇ ತಡವಾಗಿ ತಿಳಿಯಿತು.

ಈಗ ಪ್ರತಿ ಭಾನುವಾರ ಎರಡನೆಯ ಪೂಜೆಯಾದ ಮೇಲೆ, ನಿವೃತ್ತ ರೈಲ್ವೆ ಗುಮಾಸ್ತರೊಬ್ಬರು ದೇವಾಲಯದ ಪಕ್ಕದ ಕೋಣೆಯಲ್ಲಿ ಕನ್ನಡಕ ಹಾಕಿಕೊಂಡು ಕುಳಿತುಕೊಳ್ಳುತ್ತಾರೆ. ಯಾವ ಮತದವರಾದರೂ ಬಂದು ತಮ್ಮ ಕಾಗದವನ್ನು ತೋರಿಸಬಹುದು. ಏಜೆಂಟನ ಸಂಖ್ಯೆಯನ್ನು ಜಾಲತಾಣದಲ್ಲಿ ನೋಡುತ್ತಾರೆ, ವೀಸಾದ ಬಗೆಯನ್ನು ಹೇಳುತ್ತಾರೆ, ಪಾಸ್‌ಪೋರ್ಟ್ ಮತ್ತು ಕರಾರುಪತ್ರಗಳ ಪ್ರತಿಯನ್ನು ಒಂದು ಪೆಟ್ಟಿಗೆಯಲ್ಲಿಡುತ್ತಾರೆ. ಅಲ್ಲಿ ಯಜಮಾನನು ಮೂಲಪ್ರತಿಗಳನ್ನು ಕಿತ್ತಿಟ್ಟುಕೊಂಡರೆ, ಮನೆಯವರು ವಿದೇಶಾಂಗ ಇಲಾಖೆಯ 'ಮದದ್' ಜಾಲತಾಣದಲ್ಲಿ ದೂರು ಕೊಡಲು ಆ ಪ್ರತಿಗಳೇ ಆಧಾರ. ಇವರೊಬ್ಬರಿಗೇ ಭಾರವಾಗಿದೆ, ಕಣ್ಣೂ ಮಂಜಾಗುತ್ತಿದೆ. ಇಂಗ್ಲಿಷ್ ಓದಬಲ್ಲ, ಮೊಬೈಲ್ ಬಲ್ಲ ಇಬ್ಬರು ತರುಣರು ಇವತ್ತೇ ಹೆಸರು ಕೊಡಬೇಕೆಂದು ಕೋರುತ್ತೇವೆ. ಶತಮಾನೋತ್ಸವದ ನೆನಪಿಗೆ ಹೊಸ ಕಮಾನು ಕಟ್ಟುವ ಸಲಹೆ ಬಂದಿದೆ. ಅದಕ್ಕಿಂತ ಮೊದಲು ಆ ಕೋಣೆಗೆ ಒಂದು ಗಣಕಯಂತ್ರ ಬರಲಿ ಎಂಬುದು ನಮ್ಮ ಅಭಿಪ್ರಾಯ.

ಹಿಂದೆ ಹೇಳಿದ ಆ ಹುಡುಗ ಈಗ ಮದುವೆಯಾಗಿದ್ದಾನೆ. ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ಹೊಲದ ಸಾಲ ಪೂರ್ತಿ ತೀರಿಲ್ಲ. ಕಳೆದ ತಿಂಗಳು ಅವನು ಮತ್ತೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಈ ಸಲ ಸೌದಿ. "ಫಾದರ್, ಮೊದಲ ಓದ್ರಿ, ಆಶೀರ್ವಾದ ಆಮ್ಯಾಲ" ಎಂದ. ಓದಿದೆವು. ಉದ್ಯೋಗದ ವೀಸಾ, ಏಜೆಂಟನ ನೋಂದಣಿ ಚಾಲ್ತಿಯಲ್ಲಿದೆ. ಆದರೆ ಕರಾರಿನಲ್ಲಿ ಹೆಚ್ಚುವರಿ ಕೆಲಸದ ಕೂಲಿಯ ಜಾಗ ಖಾಲಿಯಿತ್ತು, ಕಸುಬಿನ ಹೆಸರಿನಲ್ಲಿ ಫಿಟ್ಟರ್ ಬದಲು ಕೂಲಿ ಎಂದಿತ್ತು. ಎರಡನ್ನೂ ಸರಿಪಡಿಸಿ ಕಳುಹಿಸಬೇಕೆಂದು ಏಜೆಂಟರಿಗೆ ಪತ್ರ ಬರೆಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಅವನೂ ಕಾಯುತ್ತಿದ್ದಾನೆ, ನಾವೂ ಕಾಯುತ್ತಿದ್ದೇವೆ.