ಉಪ್ಪಿನ ಗಡಿಯನ್ನು ಅಳೆಯೋಣ

ಶಿರಸಿಯ ನೆಲದಲ್ಲಿ ಹುಟ್ಟಿದ ಅಘನಾಶಿನಿಗೆ ಕುಮಟಾದ ಬಯಲಿನಲ್ಲಿ ಸಮುದ್ರದ ಉಬ್ಬರ ಎದುರಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಹಳ್ಳಗಳ ಹರಿವು ಕುಗ್ಗಿದಷ್ಟೂ ಉಪ್ಪು ನದಿಯಲ್ಲಿ ಮೇಲೇರುತ್ತದೆ. ಎಷ್ಟು ದೂರ? ನಾಲಿಗೆಯ ಸಾಕ್ಷ್ಯವನ್ನು ಯಾವ ಕಚೇರಿಯೂ ಒಪ್ಪದು. ವಿದ್ಯುದ್ವಾಹಕತಾ ಮಾಪಕದ ಅಂಕಿಯನ್ನು ತಳ್ಳಿಹಾಕುವುದು ಕಷ್ಟ.

ಕರಗಿದ ಲವಣಗಳು ಅಯಾನುಗಳಾಗಿ ವಿದ್ಯುತ್ತನ್ನು ಒಯ್ಯುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರದ ನೀರು ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೋಸೀಮೆನ್ಸ್ ತೋರಿಸುತ್ತದೆ. ಮಲೆನಾಡಿನ ಹಳ್ಳ ಸಾಮಾನ್ಯವಾಗಿ ನೂರರ ಆಸುಪಾಸು. ಉಷ್ಣತೆ ಒಂದು ಡಿಗ್ರಿ ಏರಿದರೆ ಅಂಕಿ ಸುಮಾರು ಶೇಕಡ 2ರಷ್ಟು ಏರುವುದರಿಂದ, ಅದನ್ನು ತಾನೇ ಸರಿಪಡಿಸಿಕೊಳ್ಳುವ ಮಾಪಕವನ್ನೇ ಕೊಳ್ಳಿರಿ. ಉಪ್ಪುನೀರು ಭಾರವಾದುದು, ತಳದಲ್ಲಿ ನುಸುಳುತ್ತದೆ. ಮೇಲ್ಪದರವನ್ನಷ್ಟೇ ಅಳೆದವರು ಮೋಸಹೋಗುತ್ತಾರೆ. ಕೀಟನಾಶಕವನ್ನಾಗಲಿ ರೋಗಾಣುವನ್ನಾಗಲಿ ಈ ಮಾಪಕ ಕಾಣದು.

ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರದಲ್ಲಿ, ಅದೇ ಸ್ಥಳಗಳಲ್ಲಿ ಅಳೆದು ದಿನಾಂಕಸಹಿತ ಬರೆದಿಡಿರಿ. ಮೇಲಿನ ಹಳ್ಳಕ್ಕೆ ಹೊಸ ಪಂಪು ಕೂರಿಸುವ ಮಾತು ಬಂದಾಗ ಆ ಪುಸ್ತಕ ಬೇಕಾಗುತ್ತದೆ.