ಕೆಂಪುಕಲ್ಲಿನ ಲೆಕ್ಕ

ದಕ್ಷಿಣ ಕನ್ನಡದಲ್ಲಿ ಮನೆ ಕಟ್ಟಹೊರಟವನು ಮೊತ್ತಮೊದಲು ವಿಚಾರಿಸುವುದು ಕೆಂಪುಕಲ್ಲಿನ ಕ್ರಯವನ್ನು. ಆ ಕ್ರಯದಲ್ಲಿ ಯಾರ ದುಡಿಮೆ ಎಷ್ಟು ಸೇರಿದೆಯೆಂದು ವಿಚಾರಿಸಿದವರನ್ನು ನಾನು ಕಂಡದ್ದು ಕಡಿಮೆ. ಗಣಿಯೆಂದೊಡನೆ ನಮ್ಮ ಕಲ್ಪನೆ ಕೋಲಾರದ ಚಿನ್ನಕ್ಕೋ ಬಳ್ಳಾರಿಯ ಅದಿರಿಗೋ ಹರಿಯುತ್ತದೆ. ಮೂಡುಬಿದಿರೆಯ ಸಮೀಪದ ಮಿಜಾರಿನಂಥ ಊರಿನ ಪದವಿನಲ್ಲಿ ಹತ್ತಾರು ಮಂದಿ ಸೇರಿ ತೋಡುವ ಕಲ್ಲುಕೋರೆಯೂ ಒಂದು ಗಣಿಯೇ ಎಂಬುದು ನೆನಪಿಗೆ ಬರುವುದಿಲ್ಲ. ಅಲ್ಲಿ ಹೆಂಗಸು ಮಾಡಿದ ಕೆಲಸವಂತೂ ಲೆಕ್ಕದ ಪುಸ್ತಕವನ್ನೇ ಏರಲಿಲ್ಲ.

ಈ ಕಲ್ಲಿಗೆ ಶಾಸ್ತ್ರದ ಹೆಸರು ಬಂದದ್ದು ಫ್ರಾನ್ಸಿಸ್ ಬುಕಾನನನಿಂದ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಆತ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ನಿನ ಲೇಟರ್ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕಬ್ಬಿಣದ ಹತಾರಕ್ಕೆ ಬಗ್ಗುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಡುಸಾಗುವ ಗುಣ ಇದರದು. ದೇವಸ್ಥಾನ ಬಸದಿಗಳ ಪೌಳಿಗೋಡೆಯಿಂದ ಬಡವನ ಅಂಗಳದ ಕಟ್ಟೆಯವರೆಗೆ ಕರಾವಳಿ ನಿಂತಿರುವುದು ಈ ಗುಣದ ಮೇಲೆ. ದೊಡ್ಡ ಬಂಡವಾಳವಿಲ್ಲದವನೂ ಕೋರೆ ತೆರೆಯಲು ಸಾಧ್ಯವಾದುದಕ್ಕೂ ಇದೇ ಕಾರಣ.

ನಾನು ಚಿಕ್ಕಂದಿನಲ್ಲಿ ಕಂಡ ಕೋರೆಗಳಲ್ಲಿ ಕಲ್ಲು ಕಡಿಯುವವನು ಗಂಡಸು. ಆದರೆ ಅವನ ಪಿಕಾಸಿ ಕಲ್ಲಿಗೆ ತಾಗುವ ಮೊದಲು ಮೇಲಿನ ಮಣ್ಣು ಹೋಗಬೇಕಷ್ಟೆ. ಅದನ್ನು ಬುಟ್ಟಿಯಲ್ಲಿ ತುಂಬಿ ಹೊತ್ತು ಹಾಕುವವಳು ಹೆಂಗಸು. ಕಡಿದ ಕಲ್ಲನ್ನು ತಲೆಗೆ ಸಿಂಬೆಯಿಟ್ಟು ಗುಂಡಿಯಿಂದ ಮೇಲಕ್ಕೆ ಹೊರುವವಳು, ಒಡೆದ ಚೂರನ್ನು ಆಯ್ದು ಬೇರೆ ರಾಶಿ ಹಾಕುವವಳು, ದೂರದ ಬಾವಿಯಿಂದ ಎಲ್ಲರಿಗೂ ಕುಡಿಯುವ ನೀರು ತರುವವಳು, ಎಲ್ಲವೂ ಅವಳೇ. ಒಂದು ಕಲ್ಲು ಸುಮಾರು ಮೂವತ್ತು ಕಿಲೋ ತೂಗುತ್ತದೆ. ದಿನಕ್ಕೆ ನೂರು ಕಲ್ಲು ಹೊತ್ತಳೆಂದರೆ ಮೂರು ಟನ್ನು ಭಾರ ಆ ಕೊರಳಿನ ಮೇಲೆ ಹಾದುಹೋಯಿತು. ಇಳಿಯುವಾಗ ಕೈ ಬರಿದು, ಏರುವಾಗ ತಲೆ ಭಾರ. ನಮ್ಮ ಕವಿಗಳು ಕೊಡ ಹೊತ್ತ ಹೆಣ್ಣಿನ ನಡಿಗೆಯನ್ನು ಬಣ್ಣಿಸಿದಷ್ಟು ಈ ನಡಿಗೆಯನ್ನು ಬಣ್ಣಿಸಿದಂತಿಲ್ಲ.

ಕೂಲಿಯೋ, ಕಲ್ಲಿನ ಎಣಿಕೆಯ ಮೇಲೆ. ಗಂಡ ಕಡಿದು ಹೆಂಡತಿ ಹೊತ್ತರೆ ಇಬ್ಬರ ಕೂಲಿಯೂ ಕಡಿದವನ ಹೆಸರಿನಲ್ಲಿ, ಕಡಿದವನ ಕೈಗೆ. ಕೋರೆಯ ಯಜಮಾನರು ಆಗಾಗ ಹೇಳುವ ಮಾತೊಂದಿದೆ: “ಸಣ್ಣ ಕೋರೆ ಗಿಟ್ಟುವುದಿಲ್ಲ ಸ್ವಾಮಿ.” ಜಾಗದವನಿಗೆ ಕೊಡುವುದು, ಸರಕಾರದ ರಾಜಧನ, ಲಾರಿಯ ಬಾಡಿಗೆ, ಕಡಿಯುವ ಕೂಲಿ, ಇವೆಲ್ಲ ಅವರ ಲೆಕ್ಕದಲ್ಲಿದ್ದವು. ಗಿಟ್ಟದ ಕೋರೆ ಅಷ್ಟು ಕಾಲ ಗಿಟ್ಟಿದ್ದು ಹೇಗೆಂದರೆ, ಹೊರುವ ಕೆಲಸ ಕಡಿಯುವ ಕೂಲಿಯೊಳಗೆ ಕಾಣದಂತೆ ಅಡಗಿದ್ದುದರಿಂದ. ಲಾಭದ ಒಂದು ಭಾಗ ಅವಳು ಕೊಟ್ಟ ಸಾಲ. ಅದನ್ನು ಯಾರೂ ತೀರಿಸಲಿಲ್ಲ.

ಅವಳ ಮಟ್ಟಿಗೆ ಈ ಕೆಲಸ ಗಿಟ್ಟುತ್ತಿದ್ದುದಕ್ಕೆ ಇನ್ನೊಂದು ಆಸರೆಯಿತ್ತು. ಜೂನಿನಲ್ಲಿ ಮಳೆ ಹಿಡಿದರೆ ಕೋರೆಯಲ್ಲಿ ನೀರು ನಿಂತು ಕೆಲಸ ನಿಲ್ಲುತ್ತದೆ. ಆಗ ಗದ್ದೆ ಕರೆಯುತ್ತಿತ್ತು. ನೇಜಿ ಕೀಳುವುದು, ನೆಡುವುದು, ಕಳೆ ತೆಗೆಯುವುದು. ಬೇಸಗೆಯ ಕಲ್ಲು, ಮಳೆಗಾಲದ ಗದ್ದೆ, ಹೀಗೆ ವರ್ಷ ತುಂಬುತ್ತಿತ್ತು. ಗದ್ದೆಗಳು ಅಡಕೆ ತೋಟಗಳಾದಂತೆ ಈ ವರ್ಷಚಕ್ರದ ಅರ್ಧ ಕಳಚಿತು. ಉಳಿದ ನಾಲ್ಕು ತಿಂಗಳಿಗೆ ಅವಳು ಬೀಡಿಯ ಸೂಪನ್ನು ಮಡಿಲಿಗೆ ತೆಗೆದುಕೊಂಡಳು. ಬಳಿಕ ಹನ್ನೆರಡು ತಿಂಗಳೂ ಅದನ್ನು ಬಿಡಲಿಲ್ಲ.

ಮಿಜಾರಿನ ಕಡೆಯ ಒಬ್ಬ ಹಿರಿಯ ಹೆಂಗಸನ್ನು, ಕೋರೆಯಲ್ಲಿ ಕೈತುಂಬ ಕೆಲಸವಿದ್ದಾಗಲೂ ಬೀಡಿಗೆ ಕುಳಿತಿರೇಕೆ ಅಕ್ಕಾ, ಎಂದು ಕೇಳಿದ್ದೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡಿಸುತ್ತೇನೆ: “ಬೀಡಿಯ ಪುಸ್ತಕದಲ್ಲಿ ನನ್ನ ಹೆಸರಿದೆ ಮಾಷ್ಟ್ರೇ. ಕೋರೆಯಲ್ಲಿ ಇದ್ದದ್ದು ಇವರ ಹೆಸರು ಮಾತ್ರ.” ಬೀಡಿಯ ಕೆಲಸ ಸುಖದ್ದಲ್ಲ, ಹೊಗೆಸೊಪ್ಪಿನ ಧೂಳು ಎದೆಗೆ ಇಳಿಯುತ್ತದೆ, ಮಜೂರಿ ಸಾವಿರದ ಲೆಕ್ಕದಲ್ಲಿ. ಆದರೂ 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯೊಳಗೆ ಕುಳಿತು ಸುತ್ತುವವಳನ್ನೂ ಕಾರ್ಮಿಕಳೆಂದು ಒಪ್ಪಿತು.

ಕೋರೆಯ ಹೆಣ್ಣಿನ ಪಾಲಿಗೆ ಕಾಯಿದೆ ನಡೆದುಕೊಂಡ ರೀತಿ ವಿಚಿತ್ರ. 1952ರ ಗಣಿ ಕಾಯಿದೆಯ 3ನೆಯ ಕಲಮು ಲ್ಯಾಟರೈಟನ್ನು ಹೆಸರಿಸಿಯೇ, ಆರು ಮೀಟರಿಗಿಂತ ಆಳವಿಲ್ಲದ, ಐವತ್ತಕ್ಕಿಂತ ಹೆಚ್ಚು ಮಂದಿ ದುಡಿಯದ, ಸಿಡಿಮದ್ದು ಬಳಸದ ತೆರೆದ ಕೋರೆಗೆ ವಿನಾಯಿತಿ ಕೊಟ್ಟಿತ್ತು. ನಮ್ಮ ಸಣ್ಣ ಕೋರೆಗಳ ವರ್ಣನೆಯೇ ಇದು. ದೊಡ್ಡ ಗಣಿಯಲ್ಲಿ ಹೆಂಗಸರಿದ್ದರೆ ಶಿಶುಗೃಹ ಇರಬೇಕೆಂಬ ನಿಯಮ ಇದರಿಂದ ಇಲ್ಲಿಗೆ ತಾಗಲಿಲ್ಲ. ಮಗುವಿಗೆ ಗೇರುಮರದ ಕೊಂಬೆಗೆ ಕಟ್ಟಿದ ಸೀರೆಯೇ ತೊಟ್ಟಿಲು. ಆದರೆ ವಿನಾಯಿತಿಯ ನಡುವೆಯೂ ಕೆಲವು ಕಲಮುಗಳನ್ನು ಉಳಿಸಿಕೊಂಡಿದ್ದರು. ಅವುಗಳಲ್ಲೊಂದು 46ನೆಯದು: ಹೆಣ್ಣನ್ನು ನೆಲದಡಿಯಲ್ಲಿ ದುಡಿಸಬಾರದು, ಮೇಲೆ ದುಡಿಸುವುದಾದರೂ ಬೆಳಗ್ಗೆ 6ರಿಂದ ಸಂಜೆ 7ರೊಳಗೆ ಎಂಬುದು. ಬೇಡವೆನ್ನುವ ಕಾಯಿದೆ ಸಣ್ಣ ಕೋರೆಯವರೆಗೂ ನಡೆದು ಬಂತು. ಕೊಡುವ ಕಾಯಿದೆ ದಾರಿಯಲ್ಲೇ ನಿಂತಿತು. ಸಮಾನ ಕೆಲಸಕ್ಕೆ ಸಮಾನ ಕೂಲಿಯೆಂದ 1976ರ ಕಾಯಿದೆಯೂ ಇಲ್ಲಿ ಕೈಸೋತಿತು. ಕಡಿಯುವುದು ಒಂದು ಕೆಲಸ, ಹೊರುವುದು ಇನ್ನೊಂದು ಎಂದುಬಿಟ್ಟರೆ ಸಮಾನತೆಯ ಪ್ರಶ್ನೆಯೇ ಏಳುವುದಿಲ್ಲವಲ್ಲ! ಈ ಎರಡು ಕಾಯಿದೆಗಳೂ ಈಗ ಹೊಸ ಸಂಹಿತೆಗಳೊಳಗೆ ಸೇರಿಹೋಗಿವೆ. ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ.

ಈಚಿನ ದಶಕಗಳಲ್ಲಿ ಚಕ್ರದ ಗರಗಸ ಬಂದು ಪಿಕಾಸಿಯ ಕೆಲಸವನ್ನು ಕಸಿದುಕೊಂಡಿದೆ. ಯಂತ್ರ ನಡೆಸುವ ಕೆಲಸ ಗಂಡಸಿಗೇ ಹೋಯಿತು. ಮೂವತ್ತು ಕಿಲೋ ಕಲ್ಲು ಹೊತ್ತವಳಿಗೆ ಯಂತ್ರದ ಹಿಡಿ ಭಾರವೆಂದು ಯಾರು ತೀರ್ಮಾನಿಸಿದರೋ ತಿಳಿಯದು. 2025ರ ಮಳೆಗಾಲದಲ್ಲಿ ಪರವಾನಿಗೆಯ ಬಿಗಿಯಿಂದ ಜಿಲ್ಲೆಯಲ್ಲಿ ಕೆಂಪುಕಲ್ಲಿಗೆ ಅಭಾವವಾಗಿ ಕಟ್ಟಡದ ಕೆಲಸಗಳು ನಿಂತಾಗ, ಚರ್ಚೆ ನಡೆದದ್ದು ಕಲ್ಲಿನ ದರ ಮತ್ತು ರಾಜಧನದ ಸುತ್ತಲೇ. ಪರವಾನಿಗೆ ಕೊಡುವಾಗ ಹೊರುವ ಕೂಲಿಯನ್ನು ಕಡಿಯುವ ಕೂಲಿಯಿಂದ ಬೇರ್ಪಡಿಸಿ, ಹೊತ್ತವಳ ಹೆಸರಿನಲ್ಲೇ ಬರೆದು, ಅವಳ ಕೈಗೇ ಕೊಡಬೇಕೆಂಬ ಒಂದು ಷರತ್ತನ್ನು ಸೇರಿಸುವುದು ಕಷ್ಟವಲ್ಲ. ಹಾಗೆ ಬರೆದಾಗ ಕಲ್ಲೊಂದರ ಕ್ರಯ ತುಸು ಏರಿದರೆ, ಅದು ಮೊದಲಿನಿಂದಲೂ ಅಷ್ಟೇ ಇತ್ತು.